ಮೂವತ್ತೊಂದಕ್ಕೇ ನಿಂತ ಮುಟ್ಟು

ಪ್ರೀತಿಯ ತಂಗಿ ಆಮ್ರಪಾಲಿಗೆ, ಮೋರಖಂಡಿಯಿಂದ ನಿನ್ನ ಅಕ್ಕನ ಜೈಭೀಮ್.

ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನು ಸದಾ ಸಂಘಪಾಲನ ಜೇಬಿನಲ್ಲಿರುತ್ತದೆ. ಗಂಡನೆದುರು ನೀನು ಬರೀ "ಹೂಂ" ಅನ್ನುತ್ತೀ. ಅದಕ್ಕೇ ಬಳೆ ಮಾರಲು ನಿಮ್ಮ ಹುಲಸೂರಿಗೆ ಬರುವ ನಮ್ಮ ಓಣಿಯ ಸುಗ್ರಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಹುಮನಾಬಾದಿನ ಆ ಡಾಕ್ಟರು ನಿನ್ನ ಗರ್ಭಚೀಲ ತೆಗೆಯಬೇಕು ಅಂದನಂತೆ. ಸೋಮವಾರ ಆಪರೇಷನ್ನಂತೆ. ಒಂಬತ್ತು ವರ್ಷದ ಹಿಂದೆ ಆತ ನನಗೂ ಇದನ್ನೇ ಹೇಳಿದ್ದ. ಬಿಳಿಸೆರಗು, ಕಿಬ್ಬೊಟ್ಟೆ ನೋವು ಅಂತ ಹೋಗಿದ್ದೆ. ನನ್ನ ಮುಖವನ್ನೂ ನೋಡದೆ, "ಚೀಲ ಖರಾಬ್ ಆಗ್ಯಾದ. ತೆಗಸಲಿಲ್ಲಂದ್ರ ಕ್ಯಾನ್ಸರ್ ಆಗ್ತದ" ಅಂದ. ಹೆದರಿ ಸಹಿ ಹಾಕಿದೆ.

ಮೊದಲ ಕೆಲವು ತಿಂಗಳು ಹಗುರವಾಗಿದ್ದೆ. ಮುಟ್ಟಿಲ್ಲ, ಕಳೆ ಕೀಳುವ ಕೆಲಸ ತಪ್ಪುವುದಿಲ್ಲ. "ತೆಗಿಸಿ ಒಗೀರಿ, ಕಾಟ ತಪ್ಪತದ" ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಸುಗ್ರಾ ನನ್ನ ಮಾತು ಕೇಳಿಯೇ ಹೋದಳು. ಅವಳ ಹಿಂದೆ ಇನ್ನೂ ನಾಲ್ವರು.

ಆಮೇಲೆ ಶುರುವಾಯಿತು. ಚಳಿಗಾಲದ ಬೆಳಿಗ್ಗೆ ತೊಗರಿ ಹೊಲದಲ್ಲಿ ನಿಂತಾಗ ಎದೆಯಿಂದ ನೆತ್ತಿಗೆ ಬೆಂಕಿ ಏರುತ್ತಿತ್ತು. ಉಟ್ಟ ಸೀರೆ ಬೆವರಲ್ಲಿ ತೊಯ್ಯುತ್ತಿತ್ತು. ನಿದ್ದೆ ಹೋಯಿತು. ಒಂದು ದಿನ ಕಾರಣವಿಲ್ಲದೆ ಕಾದ ಹಂಚು ಎತ್ತಿ ಬೀಸಿದೆ. ಮಗಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. "ಇಕಿಗಿ ಯಾರೋ ಭಾನಾಮತಿ ಮಾಡ್ಯಾರ" ಅಂದಳು ಅತ್ತೆ. ಮಂತ್ರ ಹಾಕುವವನು ಬೇವಿನ ಬರಲಿನಿಂದ ಹೊಡೆಯುವಾಗ ನೀನು ನನ್ನ ಕಾಲು ಹಿಡಿದು ಅಳುತ್ತಿದ್ದಿ, ನೆನಪಿದೆಯಾ?

ಅದು ಭಾನಾಮತಿ ಅಲ್ಲ, ಆಮ್ರಾ. ಹೋದ ತಿಂಗಳು ಕೊಡ ಎತ್ತುವಾಗ ಎಡಗೈ ಮಣಿಕಟ್ಟಿನ ಎಲುಬು ಮುರಿಯಿತಲ್ಲ, ಆಗ ಬಸವಕಲ್ಯಾಣದ ಡಾಕ್ಟರಮ್ಮ ನನ್ನ ಹಳೇ ಕಾಗದಗಳನ್ನೆಲ್ಲ ಓದಿದರು. "ಚೀಲದ ಜೋಡಿ ಅಂಡಾಶಯನೂ ತೆಗೆದಾರ. ಮುಟ್ಟು ನಿಲ್ಲೋ ಕಾಲ ಐವತ್ತರ ಹತ್ತಿರ ಮೆಲ್ಲಕ ಬರ್ತದ, ನಿಮಗ ಮೂವತ್ತೊಂದಕ್ಕ, ಒಂದೇ ದಿನದಾಗ ಬಂದದ. ಅದಕ್ಕೇ ಈ ಉರಿ, ಈ ಸಿಟ್ಟು. ಎಲುಬು ಟೊಳ್ಳಾಗ್ಯಾವ. ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕೋದು ಇವತ್ತೇ ಬಿಡ್ರಿ, ಅದು ಇನ್ನಷ್ಟು ಹಾಳು ಮಾಡ್ತದ" ಅಂದರು.

"ತೆಗೀಲೇಬೇಕಿತ್ತೇನ್ರಿ?" ಅಂತ ಕೇಳಿದೆ.

ಹಳೇ ಕಾಗದಗಳನ್ನು ಮಡಚಿ ನನ್ನ ಕೈಗಿಟ್ಟರು. "ಗುಳಿಗ್ಯಾಗ ಹೋಗೋ ಸೋಂಕಿತ್ತು" ಅಂದರು.

ಈಗ ನಮ್ಮ ಓಣಿಯಲ್ಲಿ ಆರು ಜನ ಇದ್ದೇವೆ. ಸುಗ್ರಾಳಿಗೆ ಇನ್ನೂ ಮೂವತ್ತನಾಲ್ಕು. ಗೋಡೆ ಹಿಡಿದು ಏಳುತ್ತಾಳೆ. ನಾನು ನಿಜ ಹೇಳಿದಾಗ ಬೈಯಲಿಲ್ಲ. "ಆಪಾ, ನಿನ್ನ ತಂಗಿಗರ ಹೇಳು" ಅಂದಳು ಅಷ್ಟೇ. ನಿನಗೂ ಆ ಡಾಕ್ಟರನ ದಾರಿ ತೋರಿಸಿದವಳು ನಾನೇ ಅಲ್ಲವೇ?

ಬೇರೆ ಕಡೆ ತೋರಿಸೋಣ. ನಿಜಕ್ಕೂ ತೆಗೆಯಲೇಬೇಕಾದರೆ ನಾನೇ ನಿನ್ನ ಪಕ್ಕ ಕೂರುತ್ತೇನೆ.

ಇಷ್ಟು ಬರೆಯುವಾಗಲೇ ಸಂಘಪಾಲನ ಫೋನು ಬಂತು. "ಅಕ್ಕಾ, ಬೆಡ್ ಖಾಲಿ ಅದಂತ. ಸೋಮವಾರತನ ಯಾಕ? ಇವತ್ತೇ ಹುಮನಾಬಾದಕ್ಕ ಹೊಂಟೀವಿ." ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಇನ್ನು ಸುಗ್ರಾಳಿಗಾಗಿ ಕಾಯುವುದಿಲ್ಲ. ಕಾಗದವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ನಾನೇ ಬಸ್ಸಿಗೆ ಓಡುತ್ತೇನೆ. ಅಲ್ಲಿ ನನ್ನನ್ನು ಮಾತಾಡಗೊಡದಿದ್ದರೆ ಇದನ್ನು ನಿನ್ನ ಕೈಗೆ ತುರುಕುತ್ತೇನೆ. ಓದಿ ಮುಗಿಯುವವರೆಗೆ ಯಾರು ಪೆನ್ನು ಕೊಟ್ಟರೂ ಹಿಡಿಯಬೇಡ.

ನಿನ್ನ ಮೈ ನಿನಗೇ ಉಳಿಯಲಿ, ತಂಗಿ.

ತಡವಾಗಿ ಬಾಯಿಬಿಟ್ಟ ನಿನ್ನ ಅಕ್ಕ,
ಗಿರಿಜಾಬಾಯಿ