ಒಬ್ಬನನ್ನೂ ಕಳೆದುಕೊಳ್ಳದ ಹಡಗು

ಮೂರಿಯೋ ಕೇರಿ, ತೂಲಾನ್
೧೨ ಮಾರ್ಚ್ ೧೯೫೮

ಫೋರ್ತುನೆಗೆ,

ಹದಿಮೂರು ವರ್ಷಗಳ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ, ಕ್ಷೇಮ ವಿಚಾರಿಸಲು ಅಲ್ಲ. ನೀನು ಬ್ರೆಸ್ಟ್‌ನಲ್ಲಿ ಸುಖವಾಗಿಯೇ ಇದ್ದೀಯೆಂದು ನಿನ್ನ ಬರವಣಿಗೆಯೇ ಹೇಳುತ್ತಿದೆ.

ನಿನ್ನೆ ಸಿಪ್ರಿಯೆನ್ ಬಂದಿದ್ದ. ‘ವಿಲ್ಲಾರೆ’ ಹಡಗಿನಲ್ಲಿ ಫಿರಂಗಿ ನೋಡಿಕೊಳ್ಳುತ್ತಿದ್ದವನು ಈಗ ಮಾರುಕಟ್ಟೆಯಲ್ಲಿ ಕಡಲೆಹಿಟ್ಟಿನ ರೊಟ್ಟಿ ಸುಡುತ್ತಾನೆ. ಮಾಜಿ ನಾವಿಕರ ಸಂಘದ ಪತ್ರಿಕೆಯನ್ನು ನನ್ನ ಕೈಗಿಟ್ಟು, “ಅತ್ತಿಗೆ, ನಿಮ್ಮ ಯಜಮಾನ್ರು ನಮ್ಮ ಹಡಗಿನ ಜಾತಕಾನೇ ಬರ್ದಿದಾರೆ! ಓದ್ತಾ ಓದ್ತಾ ಅಳು ಬಂದ್ಬಿಡ್ತು” ಅಂದ. ಒಲೆಯ ಮುಂದೆ ನಿಂತೇ ಆರೂ ಪುಟ ಓದಿದೆ. ಸಾರು ಸೀದುಹೋಯಿತು.

ಚೆನ್ನಾಗಿ ಬರೆದಿದ್ದೀಯ. ಇಪ್ಪತ್ತೆಂಟರಲ್ಲಿ ಹಡಗು ನೀರಿಗಿಳಿದದ್ದು, ಹತ್ತು ಸಾವಿರ ಟನ್ನಿನ ಭಾರ, ಎಂಟು ದೊಡ್ಡ ಫಿರಂಗಿ, ಸೈಗಾನಿನವರೆಗೆ ಹೋಗಿಬಂದದ್ದು, ನಲವತ್ತರಲ್ಲಿ ಇಟಲಿಯ ದಂಡೆಗೆ ಗುಂಡು ಹಾರಿಸಿದ್ದು, ಕೊನೆಗೆ ಜರ್ಮನರ ಕೈಗೆ ಸಿಗಬಾರದೆಂದು ನಿಮ್ಮ ಕೈಯಾರೆ ಮುಳುಗಿಸಿದ್ದು, ಎಲ್ಲ ಇದೆ. ಆಮೇಲೆ ಆ ಕೊನೆಯ ಸಾಲು: “ಹದಿನಾಲ್ಕು ವರ್ಷಗಳ ಸೇವೆಯಲ್ಲಿ ನಮ್ಮ ವಿಲ್ಲಾರೆ ಒಬ್ಬನೇ ಒಬ್ಬ ನಾವಿಕನನ್ನೂ ಕಳೆದುಕೊಳ್ಳಲಿಲ್ಲ.”

ಹಾಗಾದರೆ ನನ್ನ ತಮ್ಮ ತೂಸೇನ್ ಯಾರು? ಬಾಯ್ಲರ್ ಕೋಣೆಗೆ ದಾರಿ ತಪ್ಪಿ ಬಂದ ಕಡಲಕಾಗೆಯೇ?

ಅವನನ್ನು ಹಡಗಿಗೆ ಸೇರಿಸಿದವನು ನೀನು. “ನನ್ ಕಣ್ಮುಂದೆ ಇರ್ತಾನೆ ಬಿಡಿ ಅತ್ತೆ” ಎಂದು ನಮ್ಮಮ್ಮನಿಗೆ ಮಾತು ಕೊಟ್ಟವನೂ ನೀನೇ. ಮೂವತ್ತಾರರ ಜೂನ್‌ನಲ್ಲಿ, ವೇಗ ಪರೀಕ್ಷೆಯ ದಿನ, ಮೂರನೇ ಬಾಯ್ಲರಿನ ಹಬೆಕೊಳವೆ ಒಡೆಯಿತು. ಅದು ವಾರದಿಂದ ಸೋರುತ್ತಿತ್ತು. ಬಾಯ್ಲರ್ ಕೋಣೆಯ ಹೊಣೆ ನಿನ್ನದು; ನಿನಗೆ ಗೊತ್ತಿತ್ತು, ಮೇಲಧಿಕಾರಿಗೂ ನೀನು ಹೇಳಿದ್ದೆ. “ಮೊದ್ಲು ವೇಗ, ಆಮೇಲೆ ರಿಪೇರಿ” ಎಂದು ಅವನು ಗದರಿದ್ದೇ ತಡ, ಎಲ್ಲ ಸರಿಯಿದೆ ಎಂದು ನೀನು ಬರೆದು ಸಹಿ ಹಾಕಿದೆ.

ಹಬೆಯಲ್ಲಿ ಬೆಂದ ತೂಸೇನ್ ಮೂರು ದಿನ ಬದುಕಿದ್ದ. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ದನಿಯಿಂದಲೇ ನನ್ನ ಗುರುತು ಹಿಡಿದು, “ಅಕ್ಕಾ, ನಾನೇನೂ ತಪ್ಪು ಮಾಡ್ಲಿಲ್ಲ ಕಣೇ. ಭಾವ ಹೇಳಿದ್ದಷ್ಟೇ ಮಾಡ್ದೆ” ಅಂದ. ವಿಚಾರಣೆಯಲ್ಲಿ ಏನೆಂದು ತೀರ್ಮಾನವಾಯಿತು? ಸತ್ತವನ ಅಜಾಗರೂಕತೆ. ಸಾಕ್ಷಿ ನೀನು. ನಮ್ಮಮ್ಮ ಸಾಯುವವರೆಗೂ ಕೇರಿಯ ಹೆಂಗಸರು “ಪಾಪ, ಹುಡುಗನ ಗಮನ ಎಲ್ಲಿತ್ತೋ” ಎಂದು ಲೊಚಗುಟ್ಟಿದರು.

ಆಸ್ಪತ್ರೆಯ ಮಂಚದ ಮೇಲೆ ಸತ್ತವನು ಹಡಗಿಗೆ ಸೇರಿದವನಲ್ಲ ಅನ್ನುತ್ತೀಯಾ? ಯುದ್ಧವಿಲ್ಲದಾಗ ಬೆಂದವನಿಗೆ ಚರಿತ್ರೆಯಲ್ಲಿ ಜಾಗವಿಲ್ಲವೇ? ನಾಚಿಕೆಯಾಗಬೇಕು ನಿನಗೆ!

ನಲವತ್ತೆರಡರ ನವೆಂಬರಿನಲ್ಲಿ, ನೀವು ಮುಳುಗಿಸಿದ ಹಡಗು ಬಂದರಿನ ತಗ್ಗು ನೀರಿನಲ್ಲಿ ಅರ್ಧ ಮುಳುಗಿ ದಿನಗಟ್ಟಲೆ ಉರಿಯಿತು. ಒಣಹಾಕಿದ ಬಟ್ಟೆಗಳ ಮೇಲೆಲ್ಲ ಮಸಿ. ಊರಿಗೆ ಊರೇ ಅತ್ತಿತು, ನೀನೂ ಹೊಸ್ತಿಲ ಮೇಲೆ ಕೂತು ಮಗುವಿನಂತೆ ಅತ್ತೆ. ನಾನು ಅಳಲಿಲ್ಲ. ಕಬ್ಬಿಣಕ್ಕೆ ಸುರಿಸಿದ ಆ ಕಣ್ಣೀರು ತೂಸೇನನ ಮಣ್ಣಿನ ದಿನ ಎಲ್ಲಿತ್ತು ಎಂದು ನೋಡುತ್ತಿದ್ದೆ. ಯುದ್ಧ ಮುಗಿದ ಮೇಲೆ ನಿನ್ನ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟದ್ದು ಅದಕ್ಕೇ.

ಮುಂದಿನ ಸಂಚಿಕೆಯಲ್ಲಿ ಆ ಸಾಲು ತಪ್ಪೆಂದು ಬರೆ. ಅವನ ಹೆಸರು ಬರೆ, ಕೊಳವೆ ಸೋರುತ್ತಿತ್ತೆಂದು ಬರೆ. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ.

ತೂಸೇನನ ಅಕ್ಕ,
ನೋರಿನ್

ತಾ.ಕ.: ಮೇಲಿನದನ್ನು ನಿನ್ನೆ ಬರೆದು ಮುಗಿಸಿದ್ದೆ. ನಿದ್ದೆ ಬರಲಿಲ್ಲ. ವಿಚಾರಣೆಯ ಹಿಂದಿನ ದಿನ ನೀನು ಅಡುಗೆಮನೆಯಲ್ಲಿ ಕೂತು, “ನಾಳೆ ನಿಜ ಹೇಳ್ಬಿಡ್ತೀನಿ ನೋರಿನ್, ಏನಾದ್ರೂ ಆಗ್ಲಿ” ಅಂದಿದ್ದೆ. ಐದು ತಿಂಗಳ ಬಸುರಿ ನಾನು. “ಸತ್ತೋನು ಎದ್ದು ಬರ್ತಾನಾ? ಹುಟ್ಟೋ ಕೂಸಿಗೆ ಅಪ್ಪನ ಕೆಲ್ಸ ಬೇಡ್ವಾ? ಬಾಯ್ಮುಚ್ಕೊಂಡಿರು” ಅಂದವಳು ನಾನೇ. ನೀನು ಆ ಮಾತನ್ನು ಒಮ್ಮೆಯೂ ನನಗೆ ತಿರುಗಿಸಿ ಹೇಳಲಿಲ್ಲ. ನಿನ್ನ ಉತ್ತರಕ್ಕೆ ಕಾಯದೆ, ನಾನು ಆಡಿದ ಈ ಮಾತನ್ನೂ ಸೇರಿಸಿ ಎಲ್ಲವನ್ನೂ ಸಂಘಕ್ಕೆ ಬರೆದು, ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದೆ. ಹಾಕುವ ಮೊದಲು ನಮ್ಮ ಒದೆತ್‌ಗೆ ಓದಿಸಿದೆ. “ಅಂದ್ರೆ ಮಾವನ ಹೆಸರು ಕೆಡ್ಸಿದ್ದು ನನ್ನ ಸಾಕೋದಕ್ಕಾ, ಅಮ್ಮಾ?” ಎಂದು ಕೇಳಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಒಬ್ಬಳಿಂದ ಆಗುತ್ತಿಲ್ಲ. ಬಾ.