ರಾಜನ ಕೆನ್ನೆಯ ಮುದ್ರೆ

ಹೊಸನಗರ
೧೨–೨–೧೯೬೫

ಬ್ಯಾಕೋಡಿನ ಬೆಳ್ಳಮ್ಮನಿಗೆ ವೆಂಕಮ್ಮನ ಆಶೀರ್ವಾದ. ಮಗಳೇ ಎಂದು ಬರೆಯಲು ಕೈ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ತೀರಿಹೋದ ಮೊದಲ ಹೆಂಡತಿಯ ಬೆಳ್ಳಿಯನ್ನು ಎರಡನೆಯವಳು ಕೊರಳಿಗೆ ಹಾಕಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅದಕ್ಕೇ ನನ್ನ ಮಗಳು ಪುಷ್ಪಮ್ಮನ ಬೆಳ್ಳಿ ನಾಣ್ಯ ನಿನಗೆ ಬಂತು. ಅದರಲ್ಲಿರುವ ಪರದೇಶದ ರಾಜನ ಕೆನ್ನೆಗೆ ಒತ್ತಿದ ಮುದ್ರೆ ಅಸಹ್ಯ ಕಾಣುತ್ತದೆಂದು ಸಾಗರದ ಅಕ್ಕಸಾಲಿಯ ಹತ್ತಿರ ಉಜ್ಜಿಸುತ್ತೀಯಂತೆ. ನಿನ್ನ ಬುದ್ಧಿಗೆ ಬೆಂಕಿ ಹಾಕ! ಹಿಂದೆ ಸಂತೆಯ ಸರಾಫ ಬೆಳ್ಳಿ ಅಸಲಿ ಎಂದು ಪರೀಕ್ಷಿಸಿ ಆ ಮುದ್ರೆ ಒತ್ತಿದ ಮೇಲೆಯೇ ನಮ್ಮ ಸಂತೆಯವರು ಅದನ್ನು ಮುಟ್ಟಿದ್ದು. ಅಲ್ಲಿಯವರೆಗೆ, "ಯಾವ ಊರಿಂದೋ ಏನೋ, ನಮಗ್ ಬ್ಯಾಡ" ಅಂತಿದ್ರಂತೆ.

ಉಜ್ಜಿಸಬೇಡ. ಪುಷ್ಪಮ್ಮನ ಮಗು ಹಾಲು ಕುಡಿಯುವಾಗ ಆ ಮುದ್ರೆಯ ಗುಳಿಯಲ್ಲಿ ಬೆರಳಿಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು. ಈಗ ನನ್ನ ಕೊರಳೆಲ್ಲ ತಡಕಿ ಅಳುತ್ತದೆ. ಸೋಮವಾರ ಕರೆತಂದು ನಿನ್ನ ಮಡಿಲಲ್ಲಿ ಬಿಡುತ್ತೇನೆ. ದಾರ ಉದ್ದ ಬಿಟ್ಟು ಕಟ್ಟಿಕೋ, ಅದರ ಕೈಗೆ ಸಿಗಲಿ. ಬೆರಳಿಗೆ ಮುದ್ರೆ ಸಿಕ್ಕಿ "ಅವ್ವಾ" ಅಂದರೆ, ನೀನು "ಓ" ಅನ್ನು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದಿಲ್ಲ, ಹಾಗೇ ಹಿಂದಿರುಗುತ್ತೇನೆ.

ಇಂತಿ,
ನಿನ್ನ ಅವ್ವ
ವೆಂಕಮ್ಮ