ಅಟ್ಟ ಸೇರಿದ ಕುರ್ಚಿ

ಜೋಗುಪಾಳ್ಯ
೧೯–೮–೨೦೦೪

ಮಗಳು ಪ್ರಿಯಾಳಿಗೆ ನಿಮ್ಮಪ್ಪನ ಆಶೀರ್ವಾದ.

ಎರಡು ತಿಂಗಳಿಂದ ಕಾಗದ ಹಾಕಿಲ್ಲ ಎಂದು ಬೈಯಬೇಡ. ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗು ಬೋರಲು ಬೀಳುತ್ತಿದೆಯಂತೆ, ಅಳಿಯಂದಿರು ಹೇಳಿದರು. ಅಮ್ಮನ ಮೇಲೆ ನಿನಗೆ ಸಿಟ್ಟಿದೆ, ಗೊತ್ತು. ಆ ಮಾತು ಕೊನೆಗೆ.

ಸೋಮವಾರ ಅವಳಿಗೆ ಐದನೆಯ ಕೀಮೋ ಕೊಡಲಿಲ್ಲ. "ಎದ್ದು ನಿಲ್ಲೋ ಶಕ್ತಿನೇ ಇಲ್ವಲ್ರೀ, ಇದನ್ನ ಹೇಗೆ ತಡ್ಕೋತಾರೆ? ವಾಕಿಂಗ್ ಮಾಡಿಸ್ತಿಲ್ವಾ?" ಎಂದು ಡಾಕ್ಟರು ಕೇಳಿದರು. ಅವಳನ್ನು ಆಟೋದಲ್ಲಿ ವಾಪಸ್ಸು ಕರೆತಂದೆ.

ಮೊದಲ ಕೀಮೋ ಆದಾಗಲೇ ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟಿದ್ದರು. ಬೆಳಿಗ್ಗೆ, ಸಂಜೆ ಹತ್ತು ಸಲ ಕೈ ಊರದೆ ಕುರ್ಚಿಯಿಂದ ಏಳಬೇಕು, ಆದಷ್ಟು ನಡೆಯಬೇಕು, ವಯಸ್ಸಾಯಿತೆಂದು ಮಲಗಿಬಿಟ್ಟರೆ ಇರುವ ಶಕ್ತಿಯೂ ಹೋಗುತ್ತದೆ ಎಂದು. ನಿಮ್ಮಮ್ಮ ಪರೀಕ್ಷೆಗೆ ಓದುವವಳ ಹಾಗೆ ಶುರುಮಾಡಿದಳು. ಪಕ್ಕದ ಮನೆಯ ಇಮಾಮ್ ಬೀ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಎಂಟಕ್ಕೇ ಕೂತರೆ, "ಇನ್ನೂ ಎರಡೈತೆ, ಕಳ್ಳಾಟ ಬೇಡ" ಎನ್ನುತ್ತಿದ್ದರು.

ಅಷ್ಟರಲ್ಲಿ ನಮ್ಮಕ್ಕ ಜಟ್ಟೆಮ್ಮ ಬಂದಳು. "ಸೊರಗಿ ಕಡ್ಡಿಯಾಗವ್ಳೆ, ಅವಳನ್ನ ಕುಣಿಸ್ತಾ ಇದ್ದೀಯಲ್ಲೋ. ಬಾಣಂತಿ ಥರ ನೋಡ್ಕೋ" ಎಂದಳು. ನನ್ನ ಬುದ್ಧಿಗೆ ಮಂಕು ಕವಿಯಿತು. ಕುರ್ಚಿಯನ್ನು ಅಟ್ಟಕ್ಕೆ ಹಾಕಿದೆ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕಿಟಕಿ ಮುಚ್ಚಿ ಮಲಗಿಸಿದೆ. ನೀರಿನ ಲೋಟವನ್ನೂ ಬಾಯಿಗೇ ಹಿಡಿದೆ. "ಕುರ್ಚಿ ಇಳಿಸ್ರೀ" ಎಂದು ದಿನಾ ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಇಂಥ ಗಂಡ ಸಿಗಬೇಕು ಎಂದು ವಠಾರವೆಲ್ಲ ಹೊಗಳಿತು. ನಾನೂ ನಂಬಿದೆ.

ನಿನ್ನೆ ಕುರ್ಚಿ ಇಳಿಸಿದೆ. ನಾನೂ ಇಮಾಮ್ ಬೀಯೂ ಎರಡು ಕಡೆ ಹಿಡಿದೆವು. ಒಂದು ಸಲವೂ ಏಳಲು ಆಗಲಿಲ್ಲ ಮಗಳೇ.

ಅಳಿಯಂದಿರಿಗೆ, ಬೀಗಿತ್ತಿಗೆ ನಮಸ್ಕಾರ ತಿಳಿಸು. ಮಗುವಿಗೆ ದೃಷ್ಟಿ ತೆಗೆ. ಎಲ್ಲರೂ ತಣ್ಣಗಿರಿ.

ನಿನ್ನ ಅಪ್ಪ
ಮುನಿವೆಂಕಟಪ್ಪ

ಇನ್ನೊಂದು ಮಾತು: ಬಾಣಂತನವಂತೂ ತವರಲ್ಲಿ ಆಗಲಿಲ್ಲ, ಆಟೋ ಹತ್ತಿ ಆಸ್ಪತ್ರೆಗೆ ಹೋಗುವ ಅಮ್ಮ ನಾಮಕರಣಕ್ಕಾದರೂ ಬರಬಾರದಿತ್ತೇ ಎಂದೆಯಲ್ಲ. "ಅವಳಿಗೇ ಮನಸ್ಸಿಲ್ಲ ಕಣಮ್ಮ" ಎಂದು ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು. ದಾರಿಯಲ್ಲಿ ಬಿದ್ದಾಳೆಂದು ಹೆದರಿ ಹೇಳಿದೆ. ಕೆ.ಆರ್. ಪುರದ ನಿಮ್ಮ ಮನೆಗೆ ಐವತ್ತನಾಲ್ಕು ಮೆಟ್ಟಿಲು ಎಂದು ಅವಳು ಅಳಿಯಂದಿರನ್ನು ಕೇಳಿ ತಿಳಿದುಕೊಂಡಿದ್ದಳು. ಅಷ್ಟನ್ನೂ ಹತ್ತಿ, ಒಂದು ದಿನವಾದರೂ ಮಗುವಿಗೆ ತಾನೇ ನೀರು ಹಾಕಬೇಕೆಂದೇ ಆ ಕುರ್ಚಿಯಿಂದ ಎದ್ದು ಎದ್ದು ಕೂರುತ್ತಿದ್ದಳು. ನನಗೆ ಗೊತ್ತಿತ್ತು. ಇನ್ನು ಅವಳು ಹತ್ತಲಾರಳು. ಮಗುವನ್ನು ಎತ್ತಿಕೊಂಡು ನೀನೇ ಇಳಿದು ಬಾ.